ಊರೊಳಗಿನ ಹುಣಸೆ ಮರದಲ್ಲಿ ಕೊಕ್ಕರೆ ಗೂಡು: ಕೊಕ್ಕರೆಬೆಳ್ಳೂರಿನವರು ಹೇಗೆ ಉಳಿಸಿಕೊಂಡರು?

ಏರಿಮೇಲಿನ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಕಡೆಯ ಸಣ್ಣ ಊರು. ಊರಿನ ಪಕ್ಕದಲ್ಲೇ ಕೆರೆ. ಮೊದಲೆಲ್ಲ ಕೊಕ್ಕರೆಗಳು ಕೆರೆಗೆ ಬಂದು, ಮೀನು ಹಿಡಿದು, ಸಂಜೆಗೆ ಎಲ್ಲೋ ಹಾರಿ ಹೋಗುತ್ತಿದ್ದವು. ಈಚೆಗೆ ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿದ್ದ ಮೇಲೆ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿವೆ. ಬೆಳಗ್ಗೆ ಎದ್ದರೆ ಮರದ ತುಂಬಾ ಬಿಳಿ, ಗುಲಾಬಿ. ನೋಡಲು ಎರಡು ಕಣ್ಣು ಸಾಲದು.

ಆದರೆ ಜಗಳವೂ ಶುರುವಾಗಿದೆ. ಮರಗಳು ಬೇರೆ ಬೇರೆ ಮನೆಯವರದು. ಫೆಬ್ರವರಿಯಲ್ಲಿ ಹಣ್ಣು ಬಡಿಸಬೇಕು. ಅದೇ ಹೊತ್ತಿಗೆ ಗೂಡಲ್ಲಿ ಮರಿ ಇರುತ್ತವೆ. ಒಬ್ಬರು "ಹಣ್ಣು ಬಡಿಸಲು ಬಿಡದಿದ್ದರೆ ಮರವನ್ನೇ ಕೊಟ್ಟುಬಿಡುತ್ತೇನೆ, ಸೌದೆಯವನು ಕೇಳುತ್ತಿದ್ದಾನೆ" ಅಂದಿದ್ದಾರೆ. ನಮ್ಮ ಯುವಕ ಸಂಘದವರು ಊರ ಬಾಗಿಲಲ್ಲಿ "ಪಕ್ಷಿಧಾಮ" ಅಂತ ಬೋರ್ಡು ಹಾಕೋಣ, ಅರ್ಜಿ ಕೊಡೋಣ ಅನ್ನುತ್ತಿದ್ದಾರೆ.

ಕೊಕ್ಕರೆಬೆಳ್ಳೂರಿನಲ್ಲಿ ಇದೆಲ್ಲ ಹೇಗೆ ಬೆಳೆಯಿತು? ಸರ್ಕಾರ ಮೊದಲು ಬಂತೋ, ಊರಿನವರು ಮೊದಲೋ? ಮರದವರಿಗೆ ಏನಾದರೂ ಸಿಕ್ಕಿತೋ? ಆ ಊರು ಹತ್ತಿರದಿಂದ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬೆಳ್ಳೂರಿನ ಮಗಳು

ನಮಸ್ಕಾರ. ಅದು ನನ್ನ ತವರು. ಈಗ ಮಂಡ್ಯದಲ್ಲಿ ಇದ್ದೇನೆ, ಆದರೆ ಕೊಕ್ಕರೆ ಕಾಲದಲ್ಲಿ ಊರಿಗೆ ಹೋಗದೆ ಇರಲಾರೆ. ನಿಮ್ಮ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬೇಕೆಂದರೆ: ಮರದವರನ್ನು ಮೊದಲು ಕೂರಿಸಿಕೊಂಡು ಮಾತಾಡಿ, ಬೋರ್ಡು ಆಮೇಲೆ ಹಾಕಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮೂರು ಮದ್ದೂರು ತಾಲ್ಲೂಕು. ಬೆಂಗಳೂರಿನಿಂದ ಮೈಸೂರು ಹೆದ್ದಾರಿಯಲ್ಲಿ ಬಂದು ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು. ಈಗ ಇರುವ ಊರು ಹಳೇ ಊರಲ್ಲ. ಹಳೇ ಊರು ಶಿಂಷಾ ನದಿ ದಂಡೆಗೆ ಹತ್ತಿರ ಇತ್ತು. 1916ರ ಸುಮಾರಿಗೆ ಪ್ಲೇಗು ಬಂದು ಜನ ಅಲ್ಲಿಂದ ಎದ್ದು ಈಚೆ ಬಂದು ಮನೆ ಕಟ್ಟಿಕೊಂಡರು. ಕೊಕ್ಕರೆಗಳೂ ಹಿಂದೆಯೇ ಬಂದವು ಎಂದು ನಮ್ಮ ತಾತ ಹೇಳುತ್ತಿದ್ದರು. ಊರಲ್ಲಿ ಎಲ್ಲ ಹಿರಿಯರೂ ಹೇಳುವ ಮಾತು ಅದು. ಕಾಡಿನ ಮರ ಬಿಟ್ಟು ಜನರ ಹಿತ್ತಲಿನ ಮರವನ್ನೇ ಅವು ಹುಡುಕಿಕೊಂಡು ಬಂದವು ಅನ್ನುವುದರಲ್ಲಿ ನಮ್ಮವರಿಗೆ ಒಂದು ಹೆಮ್ಮೆ ಇದೆ. ಅಂದರೆ ನಮ್ಮಲ್ಲಿ ಮೊದಲು ಇದ್ದದ್ದು ಹಕ್ಕಿ ಮತ್ತು ಊರು. ಸರ್ಕಾರ ಎಷ್ಟೋ ಕಾಲದ ನಂತರ ಬಂತು.

ಬರುವುದು ಮುಖ್ಯವಾಗಿ ಎರಡು ಹಕ್ಕಿ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ, ಅಂದರೆ ಪೆಲಿಕನ್. ಅಕ್ಟೋಬರ್, ನವೆಂಬರಿನಿಂದ ಬರಲು ಶುರು, ಮುಂಗಾರು ಹಿಡಿಯುವ ಹೊತ್ತಿಗೆ ಮರ ಖಾಲಿ. ಹುಣಸೆ, ಆಲ, ಅರಳಿ, ಬೇವು, ಯಾವುದು ಎತ್ತರವಾಗಿ ಹರಡಿದೆಯೋ ಅದರಲ್ಲಿ ಗೂಡು. ಒಂದೇ ಮರದಲ್ಲಿ ಹತ್ತಾರು ಗೂಡು ಇರುತ್ತವೆ. ಮೇಲೆ ಹೆಜ್ಜಾರ್ಲೆ, ಅದರ ಪಕ್ಕದ ಕೊಂಬೆಗೆ ಕೊಕ್ಕರೆ, ಕೆಳಗೆ ನಮ್ಮ ದನದ ಕೊಟ್ಟಿಗೆ. ಮರದ ಕೆಳಗೆ ಬಟ್ಟೆ ಒಣ ಹಾಕುವ ಹಾಗಿಲ್ಲ. ಮೀನಿನ ನಾತ. ರಾತ್ರಿಯೆಲ್ಲ ಕೊಕ್ಕು ಬಡಿಯುವ ಸದ್ದು. ಹೊರಗಿನಿಂದ ಬಂದು ಎರಡು ಗಂಟೆ ನೋಡಿ ಹೋಗುವವರಿಗೆ ಇದು ಗೊತ್ತಾಗುವುದಿಲ್ಲ. ನಮ್ಮ ಅಮ್ಮ ಆರು ತಿಂಗಳು ಇದರ ಜೊತೆ ಬದುಕುತ್ತಿದ್ದರು. ಆದರೂ ಒಂದು ಕಲ್ಲು ಎತ್ತಿದವರಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಓಡಿಸುತ್ತಾರಾ ಅನ್ನುತ್ತಿದ್ದರು. ಇದು ನಮ್ಮ ಮನೆಯೊಂದರ ಮಾತಲ್ಲ, ಊರಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ.

ಪ್ರೀತಿ ಇತ್ತು. ಜೊತೆಗೆ ಲಾಭವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಹಕ್ಕಿ ಬರುವ ಮೊದಲು ಮರದ ಬುಡದಲ್ಲಿ ಅಗಲವಾದ ಗುಂಡಿ ತೆಗೆದು ಕೆರೆ ಗೋಡು, ಅಂದರೆ ಹೂಳು ಮಣ್ಣು, ತಂದು ತುಂಬುತ್ತಿದ್ದರು. ಆರು ತಿಂಗಳು ಹಿಕ್ಕೆ ಅದರ ಮೇಲೆ ಬೀಳುತ್ತದೆ. ಹಕ್ಕಿ ಹೋದ ಮೇಲೆ ಆ ಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಜಾಸ್ತಿ. ಈ ಗೊಬ್ಬರ ಬಿದ್ದ ರಾಗಿ ಹೊಲ ದೂರದಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಅಂಗಡಿ ಗೊಬ್ಬರ ಬಂತು, ಎತ್ತು ಗಾಡಿ ಹೋಯಿತು, ಗೋಡು ಹೊಡೆಯುವವರು ಕಡಿಮೆಯಾದರು. ಆಗ ಏನಾಯಿತು ಅಂದರೆ ಹಕ್ಕಿಯಿಂದ ಬರುವ ಲಾಭ ಹೋಯಿತು, ನಷ್ಟ ಮಾತ್ರ ಉಳಿಯಿತು.

ನಷ್ಟ ಯಾವುದು ಅಂತ ನಿಮಗೇ ಗೊತ್ತಿದೆ. ಹುಣಸೆ ಹಣ್ಣಾಗುವುದು ಜನವರಿಯಿಂದ ಮಾರ್ಚಿವರೆಗೆ. ಹಣ್ಣು ಬಡಿಯಲು ಕೋಲು ಹಿಡಿದು ಮರ ಹತ್ತಬೇಕು, ಕೊಂಬೆ ಅಲುಗಿಸಬೇಕು. ಒಂದು ಸಲ ಹೀಗೆ ಮಾಡಿದರೆ ಗೂಡು, ಮೊಟ್ಟೆ, ಮರಿ ಎಲ್ಲ ನೆಲಕ್ಕೆ. ಹಾಗಾಗಿ ಗೂಡಿರುವ ಮರದ ಹಣ್ಣನ್ನು ಬಿಟ್ಟುಬಿಡಬೇಕು. ಬಡವರ ಮನೆಗೆ ಒಂದು ದೊಡ್ಡ ಹುಣಸೆ ಮರ ಅಂದರೆ ಮಗಳ ಓಲೆಯೋ, ಮಗನ ಫೀಸೋ ಆಗುವ ದುಡ್ಡು. ಹಕ್ಕಿ ಇಡೀ ನಾಡಿನದು ಅನ್ನುತ್ತೇವೆ. ಖರ್ಚು ಮಾತ್ರ ಆ ಒಂದು ಮನೆಯದು. ಇದು ನ್ಯಾಯ ಅಲ್ಲ ಅಲ್ವಾ?

ಇದನ್ನು ಮೊದಲು ಕಂಡುಕೊಂಡವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. 1976ರಲ್ಲಿ ಅವರು ನಮ್ಮೂರಿಗೆ ಬಂದು ಗೂಡುಗಳನ್ನು ನೋಡಿ ಹೊರಗಿನ ಜಗತ್ತಿಗೆ ಬರೆದು ತಿಳಿಸಿದರು. ಬೆಂಗಳೂರಿನ ಬೀದಿಗಳಲ್ಲಿ 80ರ ದಶಕದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರೂ ಅವರೇ. ನಮ್ಮೂರಿಗೆ ಅವರು ಮಾಡಿದ ದೊಡ್ಡ ಉಪಕಾರ ಅಂದರೆ ಬೇಲಿ ಹಾಕಲಿಲ್ಲ, ಜನರನ್ನು ಎಬ್ಬಿಸಲಿಲ್ಲ. ಮರದವರಿಗೆ ಹುಣಸೆ ಹಣ್ಣಿನ ನಷ್ಟಕ್ಕೆ ಪರಿಹಾರ ಕೊಡುವ ವ್ಯವಸ್ಥೆ ಶುರುವಾಗಲು ಕಾರಣರಾದರು. ಹಣ ದೊಡ್ಡದಾಗಿರಲಿಲ್ಲ. ಹುಣಸೆ ಬೆಲೆ ಏರಿದ ಹಾಗೆ ಅದು ಏರಲೂ ಇಲ್ಲ. ತಡವಾದ ವರ್ಷಗಳೂ ಇವೆ, ಆಗ ಊರಲ್ಲಿ ಗೊಣಗಾಟ ಇದ್ದೇ ಇತ್ತು. ಆದರೂ "ನಿನ್ನ ಮರದಿಂದ ನಿನಗೆ ನಷ್ಟ ಆಗುತ್ತಿದೆ, ಅದು ನಮಗೆ ಗೊತ್ತು" ಎಂದು ಯಾರೋ ಒಬ್ಬರು ಬಂದು ಹೇಳಿದರಲ್ಲ, ಅದರ ತೂಕವೇ ಬೇರೆ.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಗುಂಪು, ಮ್ಯಾನ್ ಅಂತ ಎಲ್ಲರೂ ಕರೆಯುವುದು, ಕೆ. ಮನು ಅವರ ಜೊತೆ ಊರಿಗೆ ಬರಲು ಶುರು ಮಾಡಿತು. ಅವರು ಬಂದು ಭಾಷಣ ಮಾಡಿ ಹೋದವರಲ್ಲ. ಊರಲ್ಲೇ ಉಳಿದರು, ಹುಡುಗರನ್ನು ಸೇರಿಸಿದರು. ಹಾಗೆ 1994ರಲ್ಲಿ ಹೆಜ್ಜಾರ್ಲೆ ಬಳಗ ಹುಟ್ಟಿತು. ಊರಿನ ಹುಡುಗರದ್ದೇ ಬಳಗ. ಮರದಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಸಾಕುವುದು, ಗೂಡು ಎಣಿಸುವುದು, ಶಾಲೆ ಮಕ್ಕಳಿಗೆ ತೋರಿಸುವುದು, ಸಸಿ ನೆಡುವುದು. ನನ್ನ ದೃಷ್ಟಿಯಲ್ಲಿ ಕೊಕ್ಕರೆಬೆಳ್ಳೂರು ನಿಜವಾಗಿ ಗಟ್ಟಿಯಾದದ್ದು ಆಗಲೇ. ಅಲ್ಲಿಯವರೆಗೆ ಅದು ಹಿರಿಯರ ನಂಬಿಕೆ. ಆಮೇಲೆ ಹುಡುಗರ ಕೆಲಸವೂ ಆಯಿತು.

2007ರಲ್ಲಿ ಸರ್ಕಾರ ನಮ್ಮೂರನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಕರ್ನಾಟಕದಲ್ಲಿ ಮೊದಲನೆಯದು. ಬೋರ್ಡು ಬಂತು, ರಸ್ತೆ ಆಯಿತು, ಭಾನುವಾರ ಕಾರು ಜಾಸ್ತಿಯಾದವು. ಪ್ಲೇಗಿನ ಕಾಲದಿಂದ ಲೆಕ್ಕ ಹಾಕಿ ನೋಡಿ, ಬೋರ್ಡು ಎಷ್ಟು ತಡವಾಗಿ ಬಂದಿದೆ ಅಂತ.

ಕೋರ್ಟು ಹಾಲ್

ಮೇಲಿನ ಅಕ್ಕ ಚೆನ್ನಾಗಿ ಬರೆದಿದ್ದಾರೆ. ನಾನು ಕಾನೂನಿನ ಭಾಗ ಮಾತ್ರ ಸೇರಿಸುತ್ತೇನೆ.

"ಪಕ್ಷಿಧಾಮ" ಅಂತ ಅರ್ಜಿ ಬರೆಯುವ ಮೊದಲು ಯೋಚಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದಾಗ ಅಭಯಾರಣ್ಯ (ಪಕ್ಷಿಧಾಮವೂ ಇದರಲ್ಲೇ ಬರುತ್ತದೆ), ರಾಷ್ಟ್ರೀಯ ಉದ್ಯಾನ ಇಂಥವೇ ಇದ್ದವು. ಅವುಗಳಲ್ಲಿ ಜನರ ಹಕ್ಕುಗಳಿಗೆ ಕಟ್ಟುಪಾಡು ಬಿಗಿ. ಮನೆ, ಹೊಲ, ಹಿತ್ತಲು ಇರುವ ಊರಿಗೆ ಅದು ಹೊಂದುವುದಿಲ್ಲ. 2002ರ ತಿದ್ದುಪಡಿಯಲ್ಲಿ ಎರಡು ಹೊಸ ಬಗೆ ಬಂದವು. ಸರ್ಕಾರಿ ಜಾಗವಾದರೆ ಸಂರಕ್ಷಣಾ ಮೀಸಲು. ಖಾಸಗಿ ಅಥವಾ ಸಮುದಾಯದ ಜಾಗವಾಗಿದ್ದು, ಅಲ್ಲಿಯವರೇ ಮುಂದೆ ಬಂದು ಉಳಿಸುತ್ತೇವೆ ಅಂದರೆ ಸಮುದಾಯ ಮೀಸಲು. ಅದು ಸೆಕ್ಷನ್ 36ಸಿ. ಜಾಗ ಅವರದಾಗಿಯೇ ಉಳಿಯುತ್ತದೆ.

ನೋಡಿಕೊಳ್ಳುವುದು ಸಮಿತಿ. ಗ್ರಾಮ ಪಂಚಾಯಿತಿ ಹೆಸರಿಸಿದ ಕನಿಷ್ಠ ಐದು ಜನ, ಅರಣ್ಯ ಇಲಾಖೆಯ ಒಬ್ಬರು. ಪಂಚಾಯಿತಿ ಇಲ್ಲದ ಕಡೆ ಗ್ರಾಮಸಭೆಯ ಸದಸ್ಯರು ಹೆಸರಿಸುತ್ತಾರೆ. 2022ರ ತಿದ್ದುಪಡಿಯ ನಂತರ ಖಾಸಗಿ ಜಮೀನಿನಲ್ಲಿ ಮೀಸಲು ಮಾಡಿದರೆ ಜಮೀನಿನ ಮಾಲೀಕರೂ ಸಮಿತಿಯಲ್ಲಿ ಇರಬೇಕು. ನಿಮ್ಮ ಮರದವರಿಗೆ ಇದನ್ನು ಮರೆಯದೆ ಹೇಳಿ.

ಇನ್ನೊಂದು ವಿಷಯವನ್ನು ಅವರಿಗೆ ಮೊದಲೇ ತಿಳಿಸುವುದು ಧರ್ಮ. ಒಮ್ಮೆ ಘೋಷಣೆಯಾದರೆ ಅಲ್ಲಿನ ಭೂ ಬಳಕೆ ಸುಮ್ನೆ ಬದಲಾಯಿಸುವ ಹಾಗಿಲ್ಲ. ಸಮಿತಿಯ ನಿರ್ಣಯ ಬೇಕು, ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ನಾಳೆ ಸೈಟು ಮಾಡುತ್ತೇನೆ ಅನ್ನುವವರಿಗೆ ಇದು ತೊಡಕು. ಹೇಳದೆ ಸಹಿ ಹಾಕಿಸಿಕೊಂಡರೆ ಆಮೇಲೆ ಸಿಟ್ಟು ಹಕ್ಕಿಯ ಮೇಲೆ ತಿರುಗುತ್ತದೆ.

ಕರಿಜಾಲಿ

ಬೇರೆ ಕೆಲವು ಊರುಗಳನ್ನೂ ನೋಡಿ ಬನ್ನಿ. ನಿಮಗೆ ಹತ್ತಿರ ಅಂದರೆ ಶಿರಾ ತಾಲ್ಲೂಕಿನ ಕಗ್ಗಲಡು. ಅಲ್ಲೂ ಬಣ್ಣದ ಕೊಕ್ಕರೆ, ಅಲ್ಲೂ ಊರೊಳಗಿನ ಹುಣಸೆ ಮರ, ಕಾಯುವವರೂ ಊರಿನವರೇ. ಬಯಲುಸೀಮೆ ಊರು, ನಿಮ್ಮ ಪರಿಸ್ಥಿತಿಗೆ ಬೆಳ್ಳೂರಿಗಿಂತ ಅದೇ ಹತ್ತಿರ. ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋದರೆ ವೀರಾಪುರ ಇದೆ, ಅಲ್ಲೂ ಇದೇ ಕಥೆ.

ಕೆರೆಯೊಳಗೇ ಗೂಡು ಕಟ್ಟಿದರೆ ದಾರಿ ಬೇರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಕೆರೆಯ ಕರಿಜಾಲಿ ಮರಗಳಲ್ಲಿ ಗೂಡು. ಅದು ಸಂರಕ್ಷಣಾ ಮೀಸಲಾಗಿ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಸುಮಾರು 98 ಹೆಕ್ಟೇರ್, ಅಷ್ಟೇ.

ತಮಿಳುನಾಡಿನ ವೇಡಂತಾಂಗಲ್ ಕಥೆ ನಿಮ್ಮ ಊರ ಸಭೆಯಲ್ಲಿ ಹೇಳುವಂಥದ್ದು. ಬ್ರಿಟಿಷ್ ಸಿಪಾಯಿಗಳು ಬಂದು ಹಕ್ಕಿ ಹೊಡೆಯುತ್ತಿದ್ದರು. ಊರಿನವರು ಚೆಂಗಲ್‌ಪಟ್ಟು ಕಲೆಕ್ಟರನ ಹತ್ತಿರ ಹೋಗಿ ದೂರು ಕೊಟ್ಟು, 1798ರಲ್ಲಿ ಹಕ್ಕಿಗಳನ್ನು ಕಾಯುವ ಹಕ್ಕು ತಮ್ಮದು ಎಂದು ಕೌಲು, ಅಂದರೆ ಒಪ್ಪಿಗೆ ಪತ್ರ, ಬರೆಸಿಕೊಂಡರು. ಅಲ್ಲಿ ಹಿಕ್ಕೆ ಬೆರೆತ ಕೆರೆ ನೀರೇ ಗದ್ದೆಗೆ ಹರಿಯುತ್ತದೆ. ಅದಕ್ಕೇ ಅವರು ಅಷ್ಟು ಗಟ್ಟಿಯಾಗಿ ನಿಂತರು.

ಏರಿಮೇಲಿನ ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನಿಮ್ಮ ಬರಹವನ್ನು ಸಂಘದ ಹುಡುಗರಿಗೆ ಓದಿ ಹೇಳಿದೆ. ಮರದವರನ್ನು ಈ ಭಾನುವಾರ ದೇವಸ್ಥಾನದ ಜಗುಲಿಗೆ ಕರೆದಿದ್ದೇವೆ. ಹಣ್ಣಿನ ದುಡ್ಡನ್ನು ಈ ವರ್ಷ ಸಂಘದಿಂದಲೇ ಸ್ವಲ್ಪ ಕೂಡಿಸಿ ಕೊಡಬಹುದಾ ಅಂತ ಯೋಚನೆ ಇದೆ. ಎರಡು ಮಾತು ಕೇಳಬೇಕಿತ್ತು. ಬಿದ್ದ ಮರಿಗಳನ್ನು ಏನು ಮಾಡಬೇಕು? ಮತ್ತೆ, ಇಷ್ಟೆಲ್ಲ ಮಾಡಿದ ಮೇಲೂ ಹಕ್ಕಿ ಬರುವುದು ನಿಂತುಹೋದರೆ?

ಬೆಳ್ಳೂರಿನ ಮಗಳು

ಓದಿ ಸಂತೋಷವಾಯಿತು ತಮ್ಮಾ. ಸಂಘದಿಂದ ಕೊಡುವ ದುಡ್ಡು ಚಿಕ್ಕದಾದರೂ ಕೊಡಿ. ಆದರೆ ನಾಲ್ಕು ಜನರ ಎದುರಿಗೆ, ಗೌರವದಿಂದ ಕೊಡಿ. ಗೂಡಿಲ್ಲದ ಮರದ ಹಣ್ಣು ಬಡಿಸಲು ಸಂಘದ ಹುಡುಗರೇ ಹೋಗಿ ಕೂಲಿಯಿಲ್ಲದೆ ನಿಂತರೆ ಅದೂ ಒಂದು ಪರಿಹಾರವೇ. ಗೂಡಿರುವ ಮರದಲ್ಲೂ ಹಕ್ಕಿ ಹೋದ ಮೇಲೆ ಉಳಿದ ಹಣ್ಣು ಸಿಗುತ್ತದೆ. ಹುಳ ಹಿಡಿದಿರುತ್ತದೆ, ಬೆಲೆ ಕಡಿಮೆ, ಆದರೂ ಏನೋ ಒಂದಿಷ್ಟು ಬರುತ್ತದೆ. ಮರವನ್ನು ಸೌದೆಗೆ ಕೇಳುತ್ತಿರುವವನು ಕೊಡುವ ದುಡ್ಡು ಒಂದೇ ಸಲದ್ದು ಅಂತ ಅವರಿಗೆ ಬಿಡಿಸಿ ಹೇಳಿ. ದೊಡ್ಡ ಹುಣಸೆ ಒಂದು ತಲೆಮಾರಿನಲ್ಲಿ ಬೆಳೆಯುವ ಮರ ಅಲ್ಲ. ನಮ್ಮೂರಲ್ಲೂ ಹೀಗೆ ಎಷ್ಟೋ ಮರ ಹೋದವು. ಮರ ಕಡಿಮೆಯಾದರೆ ಇರುವ ಮರದಲ್ಲೇ ಗೂಡು ಒತ್ತೊತ್ತಾಗುತ್ತದೆ, ಮರಿ ಬೀಳುವುದು ಜಾಸ್ತಿಯಾಗುತ್ತದೆ. ಇವತ್ತೇ ಆಲ, ಅರಳಿ, ಹುಣಸೆ ಸಸಿ ಇಡಿ. ಗುಂಡುತೋಪಿನಲ್ಲಿ, ಕೆರೆ ಏರಿ ಕೆಳಗೆ, ಎಲ್ಲಾದರೂ ಯಾರ ಹಿತ್ತಲಿಗೂ ಸೇರದ ಜಾಗದಲ್ಲಿ. ಮುಂದೆ ಭಾರವೆಲ್ಲ ಮೂರು ಮನೆಯ ಮೇಲೆ ಬೀಳಬಾರದು.

ಬಿದ್ದ ಮರಿ ಬಗ್ಗೆ. ಗೂಡಿನಲ್ಲಿ ಮರಿಗಳು ತಳ್ಳಾಡುತ್ತವೆ, ಗಾಳಿ ಬಂದರೂ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಕೆಳಗಿಳಿದು ಬಂದು ತಿನ್ನಿಸುವುದಿಲ್ಲ. ನಾಯಿ ಬರುತ್ತದೆ, ಇಲ್ಲವೇ ಹಸಿದು ಸಾಯುತ್ತದೆ. ನಮ್ಮ ಬಳಗದ ಹುಡುಗರು ತಂತಿ ಬಲೆಯ ದೊಡ್ಡಿ ಮಾಡಿ, ಅದರೊಳಗೆ ಮರಿಗಳನ್ನು ಬಿಟ್ಟು, ಮೀನು ತಂದು ಹಾಕಿ ಸಾಕುತ್ತಿದ್ದರು. ಹೆಜ್ಜಾರ್ಲೆ ಮರಿ ತಿನ್ನುವುದು ನೋಡಿದರೆ ಗಾಬರಿಯಾಗುತ್ತದೆ. ಮೀನಿನ ಖರ್ಚೇ ದೊಡ್ಡದು. ರೆಕ್ಕೆ ಬಲಿತ ಮೇಲೆ ಅವು ತಾವಾಗಿ ಹಾರಿ ಗುಂಪಿಗೆ ಸೇರುತ್ತಿದ್ದವು. ಆದರೆ ನೀವು ಸುಮ್ನೆ ಶುರು ಮಾಡಬೇಡಿ. ಕಾಡುಹಕ್ಕಿಯನ್ನು ಹಿಡಿದಿಡುವುದು ಕಾನೂನಿನ ವಿಷಯ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಪಶುವೈದ್ಯರ ಜೊತೆ ಸೇರಿ ಮಾಡಿ. ಅಲ್ಲಿಯವರೆಗೆ ನಾಯಿ ಕಾಯುವ ಕೆಲಸವನ್ನು ಶಾಲೆ ಮಕ್ಕಳು ಮಾಡಬಹುದು. ಮಕ್ಕಳನ್ನು ಈಗಲೇ ಸೇರಿಸಿಕೊಂಡರೆ ಮುಂದೆ ನೀವು ಹೇಳಿಕೊಡಬೇಕಾಗಿಲ್ಲ.

ಹಕ್ಕಿ ಬರುವುದು ನಿಂತರೆ ಅಂತ ಕೇಳಿದಿರಿ. ಇದು ನನ್ನನ್ನೂ ಕಾಡುವ ಪ್ರಶ್ನೆ. ನಮ್ಮೂರಲ್ಲಿ ಹಕ್ಕಿ ಗೂಡು ಕಟ್ಟುತ್ತದೆ ಅಷ್ಟೆ. ಊಟ ನಮ್ಮೂರಲ್ಲಿಲ್ಲ. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ, ಶಿಂಷಾ ನದಿ, ಹೀಗೆ ದೂರ ದೂರ ಹೋಗಿ ಮೀನು ತರುತ್ತವೆ. ಆ ಕೆರೆಗಳು ನಮ್ಮ ಸಮುದಾಯ ಮೀಸಲಿನ ಗಡಿಯೊಳಗೆ ಇಲ್ಲ. ಕೆರೆ ಬತ್ತಿದರೆ, ಹೂಳು ತುಂಬಿದರೆ, ಊರಿನ ಕೊಳಚೆ ಬಂದು ಸೇರಿದರೆ ನಾವು ಮರ ಎಷ್ಟು ಕಾದರೂ ಪ್ರಯೋಜನವಿಲ್ಲ.

2017ರ ಕೊನೆಯಲ್ಲಿ ಅದು ಕಣ್ಣಿಗೆ ಬಿತ್ತು. ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಬಿದ್ದು ಸತ್ತವು. 2018ರ ಮೊದಲ ತಿಂಗಳುಗಳವರೆಗೂ ನಡೆಯಿತು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಒಳಗೆ ಜಂತುಹುಳು ಸಿಕ್ಕವು, ಮೀನಿನ ಮೂಲಕ ಬಂದವು. ಮರಿಗಳಲ್ಲ, ಬೆಳೆದ ಹಕ್ಕಿಗಳು. ನಮ್ಮ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಅವತ್ತು ಮನವರಿಕೆಯಾದದ್ದು, ಹಕ್ಕಿಯ ಗಡಿ ಊರ ಗಡಿಗಿಂತ ಬಹಳ ದೊಡ್ಡದು. ಹೆಜ್ಜಾರ್ಲೆ ಜಗತ್ತಿನಲ್ಲೇ ಅಪಾಯದ ಅಂಚಿಗೆ ಹತ್ತಿರ ಇರುವ ಹಕ್ಕಿ ಎಂದು ಪಟ್ಟಿಯಾಗಿದೆ. ಅಂಥದ್ದನ್ನು ಬರೀ ಒಂದು ಹಳ್ಳಿಯ ಹೆಗಲಿಗೆ ಹಾಕಿ ಕೂರುವುದು ತಪ್ಪು.

ನಿಮ್ಮ ಅದೃಷ್ಟ ನೋಡಿ, ಕೆರೆ ನಿಮ್ಮ ಊರಿನದೇ. ನಮಗೆ ಇಲ್ಲದ ಅನುಕೂಲ ಅದು. ಕೆರೆಯ ಮೀನು ಹರಾಜು ಮಾಡುವಾಗ ಪಂಚಾಯಿತಿಯಲ್ಲಿ ಮಾತಾಡಿ. ಬಲೆ ಹಾಕುವವರ ಬದುಕೂ ನಡೆಯಬೇಕು, ಕೆರೆಯ ನೀರು ಪೂರ್ತಿ ಬಸಿದು ಕೊನೆಯ ಮೀನಿನವರೆಗೆ ಹಿಡಿಯುವುದೂ ನಿಲ್ಲಬೇಕು. ದಂಡೆಯ ಹತ್ತಿರ ಸ್ವಲ್ಪ ತೆಳು ನೀರು ಉಳಿಯಬೇಕು. ಬಣ್ಣದ ಕೊಕ್ಕರೆ ಆಳದಲ್ಲಿ ಮೀನು ಹಿಡಿಯಲಾರದು, ಕಾಲು ಊರಿ ನಿಂತು ಕೊಕ್ಕನ್ನು ನೀರಿಗೆ ಇಳಿಸಿ ಹುಡುಕುತ್ತದೆ. ಹೂಳೆತ್ತುವ ಕೆಲಸ ಬಂದರೆ ಇಡೀ ಕೆರೆಯನ್ನು ಬಟ್ಟಲಿನ ಹಾಗೆ ತೋಡಲು ಬಿಡಬೇಡಿ. ಎತ್ತಿದ ಗೋಡನ್ನು ಮರದ ಬುಡಕ್ಕೆ ಹಾಕಿಸಿ. ನಮ್ಮ ತಾತನ ಕಾಲದ ಗೊಬ್ಬರ ನಿಮ್ಮೂರಲ್ಲಿ ಮತ್ತೆ ಶುರುವಾಗಲಿ. ಈಗ ಸಾವಯವ ಗೊಬ್ಬರಕ್ಕೆ ಕೇಳುವವರಿದ್ದಾರೆ, ಮರದವರಿಗೆ ಅದೇ ಒಂದು ವರಮಾನ ಆಗಬಹುದು. ಅದರ ಮೊದಲ ಹಕ್ಕು ಮರದವರದೇ ಅಂತ ಸಭೆಯಲ್ಲೇ ಬರೆದುಕೊಳ್ಳಿ.

ಹಾಂ, ಒಂದು ಮರೆತಿದ್ದೆ. ಗೂಡಿನ ಮರದ ಹತ್ತಿರ ಕರೆಂಟಿನ ತಂತಿ ಹಾದುಹೋಗಿದೆಯಾ ನೋಡಿ. ಹೆಜ್ಜಾರ್ಲೆ, ಕೊಕ್ಕರೆ ಎರಡೂ ಅಗಲ ರೆಕ್ಕೆಯ ಹಕ್ಕಿಗಳು. ಎರಡು ತಂತಿಗೆ ಒಟ್ಟಿಗೆ ತಗುಲಿ ಸಾಯುತ್ತವೆ. ಹಾರಲು ಕಲಿಯುವ ಮರಿಗಳಿಗೆ ಇದೇ ದೊಡ್ಡ ಅಪಾಯ. ಹೊದಿಕೆ ಇರುವ ಕೇಬಲ್ ಹಾಕಿಸಲು ಪಂಚಾಯಿತಿಯಿಂದ ಪತ್ರ ಬರೆಸಿ. ಹಕ್ಕಿ ಬಂದು ಕೂತ ಮೇಲೆ ಕಂಬ ಹತ್ತಿ ಕೆಲಸ ಮಾಡಿದರೆ ಗೂಡು ಬಿಟ್ಟು ಎದ್ದು ಹೋಗುತ್ತವೆ. ಮರಗಳು ಖಾಲಿ ಇರುವ ಮಳೆಗಾಲದಲ್ಲೇ ಮಾಡಿಸಿಬಿಡಿ. ಭಾನುವಾರದ ಸಭೆಯಲ್ಲಿ ಏನಾಯಿತು ಅಂತ ಬರೆಯಿರಿ. ಮರ ಕೊಡುತ್ತೇನೆ ಅಂದವರು ಫೋನಿನಲ್ಲಿ ನನ್ನ ಜೊತೆ ಮಾತಾಡುವುದಾದರೆ ನಾನು ಸಿದ್ಧ. ಬೆಳ್ಳೂರಿನ ಮರದವರನ್ನೂ ಮಾತಾಡಿಸುತ್ತೇನೆ.